‘ಹ್ಯೂಬ್ರಿಸ್’ ಪದದ ಅರ್ಥ: ಒಂದು ತಿದ್ದುಪಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ, ಸಾಲದ ಸುಳಿಗೆ ಸಿಕ್ಕಿ ಮುಳುಗಿದ ಉದ್ಯಮವೊಂದರ ಕಥೆ ಹೇಳುವ ಲೇಖನವು ‘ಹ್ಯೂಬ್ರಿಸ್’ ಎಂಬ ಗ್ರೀಕ್ ಪದದಿಂದ ಆರಂಭವಾಗಿ ಅದೇ ಪದದಿಂದ ಮುಗಿದಿತ್ತು. ಹ್ಯೂಬ್ರಿಸ್ ಎಂದರೆ ಅಹಂಕಾರ ಎಂದೂ, ಅರಿಸ್ಟಾಟಲನ ಪ್ರಕಾರ ದುರಂತ ನಾಯಕನನ್ನು ಕೆಡವುವ ದೋಷ ಅದೇ ಎಂದೂ, ಸಮುದ್ರಕ್ಕೆ ಛಡಿಯೇಟು ಹೊಡೆಸಿದ ಪರ್ಷಿಯಾದ ದೊರೆ ಕ್ಸರ್ಕ್ಸೀಸನೇ ಅದಕ್ಕೆ ಉದಾಹರಣೆ ಎಂದೂ ಲೇಖಕರು ಬರೆದಿದ್ದರು. ಉದ್ಯಮದ ಲೆಕ್ಕಾಚಾರದ ಬಗ್ಗೆ ಅವರು ಹೇಳಿದ್ದರಲ್ಲಿ ನನ್ನ ತಕರಾರು ಏನೂ ಇಲ್ಲ. ಅದು ನನಗೆ ತಿಳಿದ ವಿಷಯವೂ ಅಲ್ಲ. ಆದರೆ ಪದದ ಬಗ್ಗೆ ಹೇಳಿದ ಮೂರು ಮಾತುಗಳಲ್ಲಿ ಮೊದಲನೆಯದು ಅರ್ಧ ಸರಿ, ಎರಡನೆಯದು ಪೂರ್ತಿ ತಪ್ಪು, ಮೂರನೆಯದರಲ್ಲಿ ಘಟನೆ ಸರಿಯಿದ್ದರೂ ಅದಕ್ಕೆ ಗ್ರೀಕ್ ಇತಿಹಾಸಕಾರ ಬಳಸಿದ ಪದ ಬೇರೆ.

ತಪ್ಪು ಹುಡುಕುವ ಚಟದಿಂದ ಇದನ್ನು ಬರೆಯುತ್ತಿಲ್ಲ. ಪದವಿ ತರಗತಿಗಳಿಗೆ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನೇ ಕರಿಹಲಗೆಯ ಮೇಲೆ ‘ಹ್ಯೂಬ್ರಿಸ್ = ದುರಂತ ದೋಷ’ ಎಂದು ಬರೆದು, ಪರೀಕ್ಷೆಗೆ ಬರುತ್ತದೆಂದು ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ನನ್ನ ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ದರು, ಗೈಡುಗಳಲ್ಲೂ ಹಾಗೇ ಇತ್ತು. ನಿವೃತ್ತಿಯ ನಂತರ ಬಿಡುವು ಸಿಕ್ಕಿ, ಪ್ರಾಚೀನ ಅಥೆನ್ಸಿನ ನ್ಯಾಯಾಲಯಗಳಲ್ಲಿ ಮಾಡಿದ ಭಾಷಣಗಳನ್ನು ಇಂಗ್ಲಿಷ್ ಅನುವಾದದಲ್ಲಿ ಒಂದೊಂದಾಗಿ ಓದತೊಡಗಿದಾಗ, ನಾನು ಗೆರೆ ಎಳೆದದ್ದು ಎಂಥ ಮಾತಿನ ಕೆಳಗೆ ಎಂಬುದು ಗೊತ್ತಾಯಿತು. ನನ್ನ ಕೈಯಲ್ಲಿ ಕಲಿತವರು ನೂರಾರು ಮಂದಿ. ತಮ್ಮ ಲೇಖಕರು ಅವರಲ್ಲಿ ಒಬ್ಬರಾಗಿದ್ದರೂ ಆಶ್ಚರ್ಯವಿಲ್ಲ.

ಮೊದಲು ಅರಿಸ್ಟಾಟಲನ ಮಾತನ್ನು ಮುಗಿಸುತ್ತೇನೆ. ಅವನ ಕಾವ್ಯಮೀಮಾಂಸೆಯ 13ನೆಯ ಅಧ್ಯಾಯದಲ್ಲಿ, ಸಂಪೂರ್ಣ ಸದ್ಗುಣಿಯೂ ಅಲ್ಲದ, ದುಷ್ಟನೂ ಅಲ್ಲದ ವ್ಯಕ್ತಿಯೊಬ್ಬ ಸುಖದಿಂದ ದುಃಖಕ್ಕೆ ಬೀಳುವುದಕ್ಕೆ ಕಾರಣವಾಗಿ ಹೇಳಿರುವ ಪದ ‘ಹಮಾರ್ತಿಯ’. ಎಸೆದ ಈಟಿ ಗುರಿ ತಪ್ಪುವುದಕ್ಕೆ ಹೋಮರ್ ಬಳಸುವ ಕ್ರಿಯಾಪದದಿಂದ ಬಂದದ್ದು ಅದು. ಅದರಲ್ಲಿ ತಪ್ಪುವಿಕೆ ಇದೆಯೇ ಹೊರತು ಸೊಕ್ಕು ಇಲ್ಲ. ಹ್ಯೂಬ್ರಿಸ್ ಬಗ್ಗೆ ಅರಿಸ್ಟಾಟಲ್ ಬಿಡಿಸಿ ಹೇಳುವುದು ಬೇರೊಂದು ಕಡೆ, ಭಾಷಣಕಲೆಯನ್ನು ಕುರಿತ ಗ್ರಂಥದ ಎರಡನೆಯ ಭಾಗದಲ್ಲಿ, ಮನುಷ್ಯನಿಗೆ ಕೋಪ ಏಕೆ ಬರುತ್ತದೆ ಎಂಬುದನ್ನು ವಿವರಿಸುವ ಸಂದರ್ಭದಲ್ಲಿ. ಅಲ್ಲಿ ಅವನು ಹೇಳುವುದರ ತಾತ್ಪರ್ಯ ಇಷ್ಟು: ಎದುರಿನವನಿಗೆ ನಾಚಿಕೆಯಾಗುವಂಥ ಮಾತನ್ನು ಆಡುವುದು ಅಥವಾ ಕೆಲಸವನ್ನು ಮಾಡುವುದು, ಅದೂ ತನಗೆ ಅದರಿಂದ ಏನಾದರೂ ದಕ್ಕಲಿ ಎಂದಲ್ಲದೆ, ಸೇಡು ತೀರಿಸಿಕೊಳ್ಳುವುದಕ್ಕೂ ಅಲ್ಲದೆ, ಹಾಗೆ ಮಾಡುವುದರಲ್ಲೇ ಸಿಗುವ ಸಂತೋಷಕ್ಕಾಗಿ ಮಾಡುವುದು ಹ್ಯೂಬ್ರಿಸ್. ಅಂಥವರಿಗೆ ಆ ಸಂತೋಷ ಬರುವುದಾದರೂ ಏಕೆ ಎಂದು ಕೇಳಿಕೊಂಡು, ಇನ್ನೊಬ್ಬನನ್ನು ಕೀಳಾಗಿ ನಡೆಸಿಕೊಂಡರೆ ತಾವು ಅಷ್ಟರಮಟ್ಟಿಗೆ ಮೇಲಾದೆವೆಂದು ಅವರು ಭಾವಿಸುವುದರಿಂದ ಎಂದು ಉತ್ತರ ಕೊಡುತ್ತಾನೆ. ಯುವಕರಲ್ಲಿಯೂ ಹಣವಂತರಲ್ಲಿಯೂ ಇದು ಹೆಚ್ಚು ಎಂದೂ ಸೇರಿಸುತ್ತಾನೆ. ಸೇಡಿಗಾಗಿ ಹೊಡೆದದ್ದು ಹ್ಯೂಬ್ರಿಸ್ ಆಗುವುದಿಲ್ಲ ಎಂಬ ಅವನ ವಿನಾಯಿತಿಯನ್ನು ಗಮನಿಸಬೇಕು. ಅಹಂಕಾರಿಯೊಬ್ಬ ಕೋಣೆಯಲ್ಲಿ ಒಬ್ಬನೇ ಕುಳಿತೂ ಅಹಂಕಾರಿಯಾಗಿರಬಲ್ಲ. ಅರಿಸ್ಟಾಟಲ್ ಹೇಳುವ ಹ್ಯೂಬ್ರಿಸ್‌ಗೆ ಇನ್ನೊಬ್ಬ ಮನುಷ್ಯ ಬೇಕು, ಸಾಧ್ಯವಾದರೆ ನೋಡುವ ನಾಲ್ಕು ಜನವೂ ಬೇಕು.

ಇದು ತತ್ತ್ವಜ್ಞಾನಿಯ ಸೂಕ್ಷ್ಮ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಅಥೆನ್ಸಿನಲ್ಲಿ ಹ್ಯೂಬ್ರಿಸ್ ಎಂಬುದು ಕಾನೂನಿನ ಪದವಾಗಿತ್ತು. ಯಾರಾದರೂ ಯಾರ ಮೇಲಾದರೂ, ಮಗುವಾಗಲಿ ಹೆಂಗಸಾಗಲಿ ಗಂಡಸಾಗಲಿ, ಸ್ವತಂತ್ರರಾಗಲಿ ದಾಸರಾಗಲಿ, ಹ್ಯೂಬ್ರಿಸ್ ಎಸಗಿದರೆ ಬಯಸಿದ ಯಾವ ನಾಗರಿಕನೂ ಮೊಕದ್ದಮೆ ಹೂಡಬಹುದಿತ್ತು. ಪೆಟ್ಟು ತಿಂದವನೇ ಬರಬೇಕೆಂದಿರಲಿಲ್ಲ. ಶಿಕ್ಷೆ ಎಷ್ಟೆಂದು ಕಾನೂನಿನಲ್ಲಿ ಬರೆದಿರದೆ ನ್ಯಾಯಮಂಡಲಿಯೇ ನಿರ್ಧರಿಸುತ್ತಿತ್ತು, ಮರಣದಂಡನೆಯೂ ಸಾಧ್ಯವಿತ್ತು. ದಂಡ ವಿಧಿಸಿದರೆ ಹಣ ರಾಜ್ಯಕ್ಕೆ ಸೇರುತ್ತಿತ್ತು, ದೂರುದಾರನಿಗೆ ಬಿಡಿಗಾಸೂ ಇಲ್ಲ. ಮೇಲಾಗಿ ಮಂಡಲಿಯ ಐದನೆಯ ಒಂದು ಪಾಲು ಮತವೂ ಬೀಳದೆ ಹೋದರೆ ದೂರುದಾರನೇ 1,000 ದ್ರಾಕ್ಮ ದಂಡ ತೆರಬೇಕಾಗಿತ್ತು. ಹೀಗಾಗಿ ಈ ಕಾನೂನಿನಡಿ ನಿಜವಾಗಿ ನಡೆದ ಮೊಕದ್ದಮೆಗಳು ನಮಗೆ ತಿಳಿದಿರುವುದು ಬೆರಳೆಣಿಕೆಯಷ್ಟು. ಆದರೆ ಬೇರೆ ಮೊಕದ್ದಮೆಗಳಲ್ಲಿ ವಾದಿಸುವವರು ಎದುರಾಳಿಯನ್ನು ಈ ಪದದಿಂದ ಚುಚ್ಚದೆ ಬಿಡುತ್ತಿರಲಿಲ್ಲ.

ಅಂಥದೊಂದು ಭಾಷಣ ಅಥೆನ್ಸಿನ ಹೆಸರಾಂತ ವಾಗ್ಮಿ ಡೆಮಾಸ್ತನೀಸ್ ಬರೆದದ್ದು. ಕ್ರಿ.ಪೂ. 348ರ ಡಯೊನೀಸಸ್ ಉತ್ಸವದಲ್ಲಿ ತನ್ನ ಕುಲದ ಪರವಾಗಿ ಮೇಳವೊಂದರ ಖರ್ಚು ವಹಿಸಿಕೊಂಡಿದ್ದ ಅವನ ಕೆನ್ನೆಗೆ, ತುಂಬಿದ ರಂಗಮಂದಿರದಲ್ಲಿ, ಮೀಡಿಯಸ್ ಎಂಬ ಸಿರಿವಂತ ಹೊಡೆದ. ಅದಕ್ಕೂ ಮೊದಲೇ ಅವನು ಅಕ್ಕಸಾಲಿಗನ ಮನೆಗೆ ನುಗ್ಗಿ ಮೇಳದವರಿಗಾಗಿ ಸಿದ್ಧವಾಗುತ್ತಿದ್ದ ಚಿನ್ನದ ಕಿರೀಟಗಳನ್ನೂ ಉಡುಪನ್ನೂ ಹಾಳುಮಾಡಲು ನೋಡಿದ್ದನಂತೆ. ಡೆಮಾಸ್ತನೀಸ್ ತನಗಾದ ಗಾಯದ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಮನುಷ್ಯನನ್ನು ಕೆರಳಿಸುವುದು ಪೆಟ್ಟಲ್ಲ, ಪೆಟ್ಟಿನ ಜೊತೆ ಬರುವ ಅಪಮಾನ; ಹೊಡೆಯುವವನು ನಿಂತ ಭಂಗಿಯಲ್ಲಿ, ನೋಡಿದ ನೋಟದಲ್ಲಿ, ದನಿಯಲ್ಲಿ ಇರುವುದನ್ನು ಹೊಡೆಸಿಕೊಂಡವನು ಇನ್ನೊಬ್ಬರಿಗೆ ಹೇಳಿ ತಿಳಿಸಲಾರ ಎನ್ನುತ್ತಾನೆ. ಔತಣವೊಂದರಲ್ಲಿ ಬಿದ್ದ ಒಂದೇ ಪೆಟ್ಟಿಗಾಗಿ ಬೊಯೋಟಸನನ್ನು ಕೊಂದುಹಾಕಿದ ಯುಅಯಾನನ ಪ್ರಕರಣವನ್ನು ನೆನಪಿಸಿ, ಅವನು ಅಪರಾಧಿ ಎಂದು ತೀರ್ಮಾನವಾದದ್ದು ಒಂದೇ ಒಂದು ಮತದ ಅಂತರದಿಂದ ಎನ್ನುತ್ತಾನೆ. ಇಷ್ಟೆಲ್ಲ ಹೇಳಿದ ಮೇಲೂ ಡೆಮಾಸ್ತನೀಸ್ ಕೊನೆಗೆ 30 ಮಿನಾ, ಅಂದರೆ 3,000 ದ್ರಾಕ್ಮ ಪಡೆದು ರಾಜಿಯಾದ ಎಂದು ಅವನ ವೈರಿ ಈಸ್ಕಿನೀಸ್ ಹಂಗಿಸಿದ್ದಾನೆ. ವೈರಿಯ ಮಾತು, ಎಷ್ಟು ನಂಬಬೇಕೋ ಅಷ್ಟು ನಂಬೋಣ.

ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದದ್ದು ಕೊನಾನ್ ಎಂಬವನ ಮೇಲಿನ ದೂರು. ದೂರುದಾರ ಅರಿಸ್ಟನ್ ಇನ್ನೂ ಯುವಕ. ಗಡಿಯ ಪನಾಕ್ಟಮ್ ಎಂಬಲ್ಲಿ ಕಾವಲು ಕೆಲಸಕ್ಕೆ ಹೋಗಿದ್ದಾಗ ಕೊನಾನನ ಮಕ್ಕಳು ಕುಡಿದು ಬಂದು ಇವನ ಆಳುಗಳ ಮೇಲೆ ಉಚ್ಚೆಯ ಪಾತ್ರೆಗಳನ್ನು ಸುರಿದು ದಾಂಧಲೆ ಮಾಡಿದ್ದರು. ಅಥೆನ್ಸಿಗೆ ಮರಳಿದ ಮೇಲೆ ಒಂದು ಸಂಜೆ ಪೇಟೆಯ ಚೌಕದಲ್ಲಿ ಅಡ್ಡಾಡುತ್ತಿದ್ದ ಅರಿಸ್ಟನನ ಮೇಲೆ ಅಪ್ಪ, ಮಗ, ಗೆಳೆಯರು ಎಲ್ಲರೂ ಮುಗಿಬಿದ್ದರು. ಮೇಲುಹೊದಿಕೆ ಕಿತ್ತುಕೊಂಡರು, ಕೆಸರಿಗೆ ಕೆಡವಿ ತುಳಿದರು. ತುಟಿ ಸೀಳಿತು, ಕಣ್ಣು ತೆರೆಯಲಾಗದಷ್ಟು ಊದಿಕೊಂಡಿತು. ಏಳಲೂ ಮಾತಾಡಲೂ ಆಗದೆ ಬಿದ್ದಿದ್ದವನ ಮೇಲೆ ನಿಂತು ಕೊನಾನ್, ಗೆದ್ದ ಹುಂಜದಂತೆ ಕೂಗತೊಡಗಿದನಂತೆ. ಜೊತೆಗಿದ್ದವರು, ಮೊಣಕೈಗಳನ್ನು ರೆಕ್ಕೆಯ ಹಾಗೆ ಪಕ್ಕೆಗೆ ಬಡಿ ಎಂದು ಹುರಿದುಂಬಿಸಿದರಂತೆ. ನ್ಯಾಯಮಂಡಲಿಯ ಮುಂದೆ ಸೀಳಿದ ತುಟಿಗಿಂತಲೂ ಈ ಹುಂಜದ ಕೂಗನ್ನೇ ಅರಿಸ್ಟನ್ ಕೊನಾನನ ಹ್ಯೂಬ್ರಿಸ್‌ಗೆ ಸಾಕ್ಷ್ಯವಾಗಿ ಮುಂದಿಡುತ್ತಾನೆ. ತುಟಿ ಸೀಳಿದ್ದು ಹಲ್ಲೆ, ಹುಂಜನಾದದ್ದು ಹ್ಯೂಬ್ರಿಸ್. ಕೋಳಿ ಅಂಕ ನೋಡಿದ ನಮ್ಮ ಕರಾವಳಿಯವರಿಗೆ ಆ ಕೂಗು, ಆ ರೆಕ್ಕೆ ಬಡಿತ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಅಷ್ಟಾಗಿಯೂ ಅರಿಸ್ಟನ್ ಹೂಡಿದ್ದು ಬರಿಯ ಹಲ್ಲೆಯ ಮೊಕದ್ದಮೆ. ಹ್ಯೂಬ್ರಿಸ್ ಮೊಕದ್ದಮೆಯ ಭಾರ ನಿನ್ನ ವಯಸ್ಸಿಗೆ ಮೀರಿದ್ದು ಎಂದು ಬಂಧುಗಳೂ ಸ್ನೇಹಿತರೂ ಬುದ್ಧಿ ಹೇಳಿದರೆಂದು ಅವನೇ ತಿಳಿಸುತ್ತಾನೆ.

ದಾಸರಿಗೂ ರಕ್ಷಣೆ ಕೊಡುವ ಈ ಕಾನೂನನ್ನು ಡೆಮಾಸ್ತನೀಸ್ ಹಾಡಿ ಹೊಗಳುತ್ತಾನೆ. ಈಸ್ಕಿನೀಸ್ ಮಾತ್ರ ಬೇರೊಂದು ವಿವರಣೆ ಕೊಡುತ್ತಾನೆ: ಕಾನೂನು ಮಾಡಿದವನಿಗೆ ದಾಸರ ಮೇಲೆ ಕನಿಕರವೇನೂ ಇರಲಿಲ್ಲ, ದಾಸರ ಮೇಲೂ ಕೈಮಾಡಬಾರದೆಂಬ ಅಭ್ಯಾಸವಾದರೆ ನಾಗರಿಕರ ತಂಟೆಗೆ ಹೋಗುವುದು ಇನ್ನೂ ದೂರವಾಗುತ್ತದೆಂಬ ಲೆಕ್ಕ ಅವನದು ಎಂದು. ದಾಸನು ತಾನೇ ನ್ಯಾಯಾಲಯಕ್ಕೆ ಬಂದು ದೂರು ಕೊಡುವ ಹಾಗೂ ಇರಲಿಲ್ಲ. ಆದ್ದರಿಂದ ಅಥೆನ್ಸನ್ನು ಆದರ್ಶವೆಂದು ಎತ್ತಿ ಹಿಡಿಯುವ ಉದ್ದೇಶ ನನಗಿಲ್ಲ. ಆದರೆ ಅಪಮಾನವನ್ನೇ ಅಪರಾಧವೆಂದು ಹೆಸರಿಸುವ ಯೋಚನೆ ನಮ್ಮ ಓದುಗರಿಗೆ ಅಪರಿಚಿತವಲ್ಲ. ನಮ್ಮ 1989ರ ದೌರ್ಜನ್ಯ ತಡೆ ಕಾಯ್ದೆಯು ಪರಿಶಿಷ್ಟ ಜಾತಿ ಅಥವಾ ಪಂಗಡದ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ, ಅವಮಾನಿಸುವ ಉದ್ದೇಶದಿಂದಲೇ ಹೀಯಾಳಿಸುವುದನ್ನು ಅಪರಾಧವೆಂದು ಹೇಳುವಾಗ, ಉದ್ದೇಶ, ಅಪಮಾನ, ನೋಡುವ ಕಣ್ಣು ಮೂರನ್ನೂ ಒಟ್ಟಿಗೆ ಇಡುತ್ತದೆ. ಎರಡಕ್ಕೂ ಚಾರಿತ್ರಿಕ ಸಂಬಂಧವಿಲ್ಲ, ಹೋಲಿಕೆ ಮಾತ್ರ. ಹ್ಯೂಬ್ರಿಸ್ ಮೊಕದ್ದಮೆಯನ್ನು ವಿದ್ಯಾರ್ಥಿಗಳಿಗೆ ಇಂದು ವಿವರಿಸಬೇಕಾಗಿ ಬಂದರೆ ನಾನು ‘ಅಹಂಕಾರ’ದಿಂದ ಅಲ್ಲ, ‘ದೌರ್ಜನ್ಯ’ ಎಂಬ ಮಾತಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಬಡಿಸುತ್ತಿದ್ದ ಹದಿನೈದು ಹದಿನಾರರ ಹುಡುಗನ ಕೈ ನಡುಗಿ, ಎದುರು ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರ ಜರಿ ಶಲ್ಯದ ಮೇಲೆ ಒಂದು ಸೌಟಿನಷ್ಟು ಸಾರು ಚೆಲ್ಲಿತು. ಅವರು ಕೋಪದಿಂದ ಎರಡು ಮಾತು ಬೈದಿದ್ದರೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅವರಿಗೆ ಕೋಪ ಬರಲೇ ಇಲ್ಲ. ನಗುತ್ತಲೇ, ಸಾರಿನ ಬಕೆಟ್ಟನ್ನು ಕೆಳಗಿಡಿಸಿ, ಎರಡು ಸಾಲಿನ ನಡುವೆ ಹುಡುಗನ ಕೈಯಲ್ಲಿ ಕಿವಿ ಹಿಡಿಸಿ, ಇಪ್ಪತ್ತೈದು ಬಸ್ಕಿ ಹೊಡೆಸಿದರು. ಅಕ್ಕಪಕ್ಕದವರು ಎಣಿಸಿದರು. ನಾನೂ ಆ ಪಂಕ್ತಿಯಲ್ಲಿ ಕುಳಿತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಉಂಡು ಎದ್ದೆ. ಆಮೇಲೆ ಅವರು ಹುಡುಗನ ಜೇಬಿಗೆ ನೂರರ ನೋಟೊಂದನ್ನು ತುರುಕಿದರೆಂದೂ, ‘ಒಳ್ಳೆಯ ಮನುಷ್ಯ’ ಎಂದು ಜನ ಹೇಳಿದರೆಂದೂ ತಿಳಿಯಿತು. ಅರಿಸ್ಟಾಟಲನ ವಾಕ್ಯವನ್ನು ಮೊದಲ ಬಾರಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕ್ಸರ್ಕ್ಸೀಸ್ ಅಲ್ಲ, ಈ ಪಂಕ್ತಿ. ಶಲ್ಯದ ನಷ್ಟ ಭರ್ತಿಯಾಗಲಿಲ್ಲ, ಸೇಡೂ ತೀರಲಿಲ್ಲ; ನಗು ಮಾತ್ರ ಸಿಕ್ಕಿತು.

ಪದದ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋದರೂ ಇದೇ ಕಾಣುತ್ತದೆ. ಹೋಮರನ ಇಲಿಯಡ್‌ನ ಮೊದಲ ಭಾಗದಲ್ಲೇ, ವೀರ ಅಕಿಲೀಸನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರಿಸೇಯಿಸಳನ್ನು ಗ್ರೀಕರ ಸೇನಾಧಿಪತಿ ಆಗಮೆಮ್ನಾನ್ ತುಂಬಿದ ಸಭೆಯಲ್ಲಿ ಕಸಿದುಕೊಳ್ಳುತ್ತೇನೆಂದಾಗ, ಕತ್ತಿಗೆ ಕೈ ಹಾಕಿದ ಅಕಿಲೀಸ್, ತಡೆಯಲು ಬಂದ ಅಥೀನಾ ದೇವಿಯನ್ನು ಕೇಳುವುದು ‘ಆಗಮೆಮ್ನಾನನ ಹ್ಯೂಬ್ರಿಸ್ ನೋಡಲು ಬಂದೆಯಾ’ ಎಂದು. ಒಡಿಸ್ಸಿಯಲ್ಲಿ ಈ ಪದ ಹೆಚ್ಚಾಗಿ ಅಂಟಿಕೊಂಡಿರುವುದು ಊರಿನಲ್ಲಿಲ್ಲದ ದೊರೆ ಒಡಿಸ್ಯೂಸನ ಹೆಂಡತಿ ಪೆನಲೋಪಿಯ ಮನೆಯಲ್ಲಿ ಠಿಕಾಣಿ ಹೂಡಿ ಅವನ ಹಂದಿ, ಹೋರಿಗಳನ್ನು ಕೊಯ್ದು ತಿನ್ನುವ ವರಾಕಾಂಕ್ಷಿಗಳಿಗೆ. ಅವರ ಹ್ಯೂಬ್ರಿಸ್ ಕಬ್ಬಿಣದ ಆಕಾಶವನ್ನೇ ಮುಟ್ಟಿದೆ ಎಂದು ಹೇಳುವವನು ಹಂದಿ ಕಾಯುವ ಯುಮಾಯಸ್. ಭಿಕ್ಷುಕನ ವೇಷದಲ್ಲಿ ತನ್ನ ಮನೆಗೇ ಬಂದ ಒಡಿಸ್ಯೂಸ್ ರೊಟ್ಟಿಯ ತುಂಡು ಬೇಡಿದಾಗ ಅವರ ಮುಖಂಡ ಆಂಟಿನೊಸ್ ಕಾಲುಮಣೆಯನ್ನು ಎತ್ತಿ ಅವನ ಬಲಭುಜಕ್ಕೆ ಬೀಸಿ ಒಗೆಯುತ್ತಾನೆ. ಬೇರೆಯವರ ಮನೆಯ ಊಟ, ಬೇರೆಯವರ ಮನೆಯ ಮಣೆ!

ಸೋಲನ್ ಕವಿಯ ಒಂದು ಸಾಲು ಇದರ ಹುಟ್ಟನ್ನು ಹೇಳುತ್ತದೆ. ಬುದ್ಧಿ ನೆಟ್ಟಗಿಲ್ಲದವರಿಗೆ ದೊಡ್ಡ ಸಂಪತ್ತು ಬಂದಾಗ ‘ಕೊರೊಸ್’ ಎಂಬುದು ಹ್ಯೂಬ್ರಿಸನ್ನು ಹೆರುತ್ತದೆಯಂತೆ. ಕೊರೊಸ್ ಎಂದರೆ ಹೊಟ್ಟೆ ಬಿರಿಯುವಷ್ಟು ತುಂಬಿದ ಸ್ಥಿತಿ. (ಪಿಂಡರ್ ಕವಿಯಲ್ಲಿ ಸಂಬಂಧ ತಿರುಗುಮುರುಗಾಗಿ ಹ್ಯೂಬ್ರಿಸೇ ತಾಯಿ, ಕೊರೊಸ್ ಮಗು, ಈ ವಂಶಾವಳಿಯ ಬಗ್ಗೆ ಗ್ರೀಕರಲ್ಲೇ ಒಮ್ಮತವಿರಲಿಲ್ಲ.) ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ನಮ್ಮ ಗಾದೆ ಇಲ್ಲಿ ಯಾರಿಗಾದರೂ ನೆನಪಾಗುತ್ತದೆ. ಆದರೆ ಆ ಬಡಪಾಯಿ ತನ್ನ ಕೊಡೆಯನ್ನು ತಾನೇ ಹಿಡಿದಿದ್ದಾನೆ, ಯಾರಿಗೂ ತೊಂದರೆಯಿಲ್ಲ, ಅದು ಜಂಬ. ಅದೇ ಕೊಡೆಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಮಂಜಿನಲ್ಲಿ ರಾತ್ರಿಯಿಡೀ ನಿಲ್ಲಿಸಿ, ಜಗಲಿಯ ಮೇಲೆ ಗೆಳೆಯರನ್ನು ಕೂರಿಸಿಕೊಂಡು ನೋಡಿ ನಕ್ಕರೆ, ಆಗ ಸೋಲನ್ ಹೇಳಿದ್ದು ಶುರುವಾಗುತ್ತದೆ.

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಪದವೇ ಇಲ್ಲವೇ? ಇದೆ, ಅದೂ ನಿಘಂಟು ತೆರೆಯದೆ ಸಿಗುವಂಥದು. ‘ಅಹಂಕಾರ’ ಎಂಬುದು ಸಾಂಖ್ಯದರ್ಶನದಲ್ಲಿ ಒಂದು ತತ್ತ್ವದ ಹೆಸರು, ‘ನಾನು’ ಎಂಬ ಭಾವ ಹುಟ್ಟುವ ಜಾಗ. ಆಡುಮಾತಿನಲ್ಲಿ ಗರ್ವ ಎಂಬ ಅರ್ಥ ಬಂದ ಮೇಲೂ ಅದು ಮನಸ್ಸಿನೊಳಗಿನ ವಿಷಯವಾಗಿಯೇ ಉಳಿದಿದೆ. ‘ಸೊಕ್ಕು’, ‘ಕೊಬ್ಬು’ ಹಾಗಲ್ಲ. ಕೊಬ್ಬು ಎಂದರೆ ಮೈಯಲ್ಲಿ ತುಂಬಿದ ಮೇದಸ್ಸೂ ಹೌದು, ಅದು ತುಂಬಿದವನ ವರ್ತನೆಯೂ ಹೌದು. ಸೋಲನನ ಕೊರೊಸ್ ಮತ್ತು ಹ್ಯೂಬ್ರಿಸ್ ಎರಡೂ ನಮ್ಮ ಒಂದೇ ಪದದಲ್ಲಿ ಕುಳಿತಿವೆ. ಸೊಕ್ಕನ್ನು ನಾವು ‘ತೋರಿಸುತ್ತೇವೆ’, ಇನ್ನೊಬ್ಬರು ಅದನ್ನು ‘ಮುರಿಯುತ್ತಾರೆ’. ಅದು ಒಳಗೇ ಇರುವ ವಸ್ತುವಲ್ಲ. ಇನ್ನೊಂದು ಹೋಲಿಕೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿತು. ಗ್ರೀಕರು ಹ್ಯೂಬ್ರಿಸ್ ಪದವನ್ನು ಪ್ರಾಣಿಗಳಿಗೂ ಗಿಡಮರಗಳಿಗೂ ಬಳಸುತ್ತಿದ್ದರು. ಯೂರಿಪಿಡೀಸನ ನಾಟಕವೊಂದರಲ್ಲಿ ಕೋಪವನ್ನೆಲ್ಲ ಕೊಂಬಿನಲ್ಲಿ ತುಂಬಿಕೊಂಡ ಗೂಳಿಗಳಿಗೆ ಆ ವಿಶೇಷಣವಿದೆ. ನಾವೂ ‘ಕೊಬ್ಬಿದ ಗೂಳಿ’ ಎನ್ನುತ್ತೇವೆ. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಗಿಡಗಳನ್ನು ಕುರಿತು ಬರೆಯುತ್ತ, ಸೊಂಪಾಗಿ ಬೆಳೆದು ಫಸಲು ಕೊಡದ ಬಾದಾಮಿ ಮರಕ್ಕೆ ಕಬ್ಬಿಣದ ಗೂಟ ಬಡಿಯುತ್ತಾರೆಂದೂ, ಮರದ ಹ್ಯೂಬ್ರಿಸ್ ಇಳಿಯುವುದರಿಂದ ಕೆಲವರು ಇದನ್ನು ಮರಕ್ಕೆ ಶಿಕ್ಷೆ ಕೊಡುವುದು ಎಂದು ಕರೆಯುತ್ತಾರೆಂದೂ ಹೇಳುತ್ತಾನೆ. ಗೊಬ್ಬರ ಹೆಚ್ಚಾಗಿ ಆಳೆತ್ತರ ಎದ್ದು, ತೆನೆಯಲ್ಲಿ ಜೊಳ್ಳೇ ತುಂಬಿ, ಗಾಳಿಗೆ ಮಲಗಿಬಿಡುವ ಭತ್ತವನ್ನು ನಮ್ಮ ತಂದೆ ‘ಸೊಕ್ಕಿದ ಪೈರು’ ಎನ್ನುತ್ತಿದ್ದರು. ಕಾಯಿ ಬಿಡದ ಹಲಸಿನ ಮರದ ಬುಡಕ್ಕೆ ಮಚ್ಚಿನಿಂದ ಕಚ್ಚು ಹಾಕುವುದನ್ನೂ ನಮ್ಮೂರಿನಲ್ಲಿ ಕಂಡಿದ್ದೇನೆ. ಎರಡು ಸಾವಿರ ಮುನ್ನೂರು ವರ್ಷದ ಹಿಂದಿನ ಆ ಪುಟವನ್ನು ಕನ್ನಡದ ರೈತ ಟಿಪ್ಪಣಿಯ ಸಹಾಯವಿಲ್ಲದೆ ಓದಬಲ್ಲ.

ಇನ್ನು ಕ್ಸರ್ಕ್ಸೀಸ್. ಕ್ರಿ.ಪೂ. 480ರಲ್ಲಿ ಗ್ರೀಸಿನ ಮೇಲೆ ದಂಡೆತ್ತಿ ಹೊರಟಾಗ, ಹೆಲೆಸ್ಪಾಂಟ್ ಜಲಸಂಧಿಗೆ ಕಟ್ಟಿಸಿದ ಸೇತುವೆ ಬಿರುಗಾಳಿಗೆ ಮುರಿದದ್ದಕ್ಕಾಗಿ ನೀರಿಗೆ 300 ಛಡಿಯೇಟು ಹೊಡೆಸಿ, ಒಂದು ಜೊತೆ ಬೇಡಿಯನ್ನೂ ಅದರೊಳಗೆ ಎಸೆಸಿದನೆಂಬ ಕಥೆ ಗ್ರೀಕ್ ಇತಿಹಾಸಕಾರ ಹೆರೊಡೋಟಸನ ಗ್ರಂಥದ 7ನೆಯ ಭಾಗದಲ್ಲಿದೆ. ಆ ಹೊಡೆತದ ಜೊತೆ ಆಡಿಸಿದ ಮಾತುಗಳನ್ನು ಅವನು ಬರ್ಬರವೆಂದೂ ವಿವೇಕಗೆಟ್ಟವೆಂದೂ ಹಳಿಯುತ್ತಾನೆ, ಆದರೆ ಅಲ್ಲಿ ಹ್ಯೂಬ್ರಿಸ್ ಎಂಬ ಪದ ಇಲ್ಲ. ಆ ಪದ ಕ್ಸರ್ಕ್ಸೀಸನಿಗೆ ಅಂಟುವುದು ನಾಟಕಕಾರ ಈಸ್ಕಿಲಸ್ ಕ್ರಿ.ಪೂ. 472ರಲ್ಲಿ ಆಡಿಸಿದ ನಾಟಕದಲ್ಲಿ, ಅವನ ತಂದೆ ಡೇರಿಯಸನ ಪ್ರೇತದ ಬಾಯಿಂದ. ಪರ್ಷಿಯನರು ಗ್ರೀಸಿನಲ್ಲಿ ದೇವರ ವಿಗ್ರಹಗಳನ್ನು ದೋಚಿ ಗುಡಿಗಳನ್ನು ಸುಟ್ಟ ವಿಷಯ ಹೇಳುವಾಗಲೇ ಆ ಪ್ರೇತ, ಹ್ಯೂಬ್ರಿಸ್ ಹೂಬಿಟ್ಟು ವಿನಾಶದ ತೆನೆ ಹಿರಿಯುತ್ತದೆ, ಅದರಿಂದ ಕೊಯ್ಯುವುದೆಲ್ಲ ಕಣ್ಣೀರಿನ ಸುಗ್ಗಿ ಎನ್ನುತ್ತದೆ. ಇಲ್ಲಿಯೂ ಪೈರಿನ ಹೋಲಿಕೆಯೇ. ಇಲ್ಲಿಯೂ ಅಪಮಾನಕ್ಕೆ ಒಳಗಾದವರು ಇದ್ದಾರೆ, ಅವರು ದೇವರುಗಳು.

ಈ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯನವರು. ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದ ಮಾದರಿಯಲ್ಲಿ ‘ಅಶ್ವತ್ಥಾಮನ್’ ರಚಿಸಿದವರೂ ಅವರೇ. ಪದದ ಪೂರ್ಣ ಸ್ವರೂಪ ತಿಳಿಯಬೇಕಾದರೆ ‘ಏಜಾಕ್ಸ್’ನಷ್ಟು ಒಳ್ಳೆಯ ಕೃತಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ದೇವರ ಸಹಾಯವಿಲ್ಲದೆಯೂ ಗೆಲ್ಲುತ್ತೇನೆಂದು ಕೊಚ್ಚಿಕೊಂಡ ವೀರ ಏಜಾಕ್ಸ್. ಬುದ್ಧಿ ಭ್ರಮಣೆಯಾಗಿ ದನಕುರಿಗಳನ್ನು ಶತ್ರುಗಳೆಂದು ಕಡಿದು, ಎಚ್ಚರವಾದ ಮೇಲೆ ನಾಚಿಕೆಯಿಂದ ಪ್ರಾಣ ಬಿಡುತ್ತಾನೆ. ನಾವು ಪಾಠ ಮಾಡುವವರು ಅಲ್ಲಿಗೆ ಪುಸ್ತಕ ಮುಚ್ಚಿ ‘ಹ್ಯೂಬ್ರಿಸ್’ ಎಂದು ಬರೆಯುತ್ತಿದ್ದೆವು. ಆದರೆ ನಾಟಕ ಅಲ್ಲಿ ಮುಗಿಯುವುದಿಲ್ಲ. ಹೆಣವನ್ನು ಹೂಳಬಾರದೆಂದು ಗ್ರೀಕ್ ಸೇನೆಯ ನಾಯಕರಲ್ಲೊಬ್ಬನಾದ ಮೆನೆಲಾಸ್ ಬಂದು ಅಡ್ಡ ನಿಲ್ಲುತ್ತಾನೆ. ಸತ್ತವನದು ಹ್ಯೂಬ್ರಿಸ್ ಎಂದು ದೂರುತ್ತಾನೆ. ಅದಕ್ಕೆ ಮೇಳದವರು, ಇಷ್ಟು ವಿವೇಕದ ಮಾತಾಡಿ ಸತ್ತವನ ಮೇಲೆ ನೀನೇ ಹ್ಯೂಬ್ರಿಸ್ ಎಸಗಬೇಡ ಎಂದು ತಿರುಗಿ ಹೇಳುತ್ತಾರೆ. ನಾಟಕದ ಮೊದಲಲ್ಲಿ, ವೈರಿಯ ದುರವಸ್ಥೆ ಕಂಡು ನಗುವುದಕ್ಕಿಂತ ಸಿಹಿಯಾದ ನಗು ಉಂಟೇ ಎಂದು ಅಥೀನಾ ಕೇಳಿದಾಗ ಒಡಿಸ್ಯೂಸ್ ನಗುವುದಿಲ್ಲ, ಮರುಗುತ್ತಾನೆ. ಕೊನೆಯಲ್ಲಿ ಹೆಣಕ್ಕೆ ಮಣ್ಣು ಸಿಗುವಂತೆ ಮಾಡುವವನೂ ಆ ಒಡಿಸ್ಯೂಸನೇ. ಬಿದ್ದವನ ದೋಷ ಎಂದು ನಾವು ಕಲಿಸಿದ ಪದ, ಬಿದ್ದವನ ಮೇಲೆ ನಿಂತವನನ್ನು ತಡೆಯುವ ಪದವಾಗಿ ಅಲ್ಲಿ ಬಳಕೆಯಾಗಿದೆ.

ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದನ್ನು ಹೇಳದಿದ್ದರೆ ನಾನೂ ಅರ್ಧ ಸತ್ಯ ಹೇಳಿದಂತಾಗುತ್ತದೆ. 1992ರಲ್ಲಿ ಬ್ರಿಟನ್ನಿನ ನಿಕ್ ಫಿಶರ್, ಹ್ಯೂಬ್ರಿಸ್‌ನ ತಿರುಳು ಉದ್ದೇಶಪೂರ್ವಕ ಅಪಮಾನವೇ ಎಂದು ವಿಸ್ತಾರವಾಗಿ ವಾದಿಸಿದರು. ನಾಲ್ಕು ವರ್ಷಗಳ ನಂತರ ಡಗ್ಲಸ್ ಕೇರ್ನ್ಸ್, ತನ್ನನ್ನು ತಾನು ಅತಿಯಾಗಿ ಬೆಲೆಕಟ್ಟಿಕೊಳ್ಳುವ ಮನೋಭಾವವೂ ಆ ಪದದಲ್ಲಿ ಸೇರಿದೆ, ನಿರ್ದಿಷ್ಟ ಬಲಿಪಶು ಕಣ್ಣಿಗೆ ಕಾಣದಿದ್ದರೂ ಅದು ಇತರರ ಗೌರವಕ್ಕೆ ಕುಂದೇ ಎಂದು ತಿದ್ದಿದರು. ಗಿಡಮರಗಳ ಉದಾಹರಣೆಯನ್ನು ನೋಡಿದರೆ ಕೇರ್ನ್ಸ್ ಹೇಳಿದ್ದರಲ್ಲಿ ಹುರುಳಿದೆ. ಆದ್ದರಿಂದಲೇ ಲೇಖನದ ಮೊದಲ ಮಾತು ಅರ್ಧ ಸರಿ ಎಂದೆ.

ಇಂಗ್ಲಿಷಿಗೆ ಈ ಪದ ಬಂದದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ, ಗ್ರೀಕ್ ಕಲಿತ ವಿದ್ವಾಂಸರ ಮೂಲಕ. ನ್ಯಾಯಾಲಯದ ಭಾಷಣಗಳನ್ನು ಬಿಟ್ಟು ದುರಂತ ನಾಟಕಗಳಿಂದಲೇ ಅದನ್ನು ಎತ್ತಿಕೊಂಡದ್ದರಿಂದ ದೇವರು, ವಿಧಿ, ಪತನಗಳ ಪ್ರಭೆ ಅದರ ಸುತ್ತ ಬೆಳೆಯಿತು. ಅಲ್ಲಿಂದ ಅದು ವ್ಯವಹಾರ ಶಾಸ್ತ್ರಕ್ಕೆ ಹೋಯಿತು: ಕಂಪನಿಗಳನ್ನು ಕೊಳ್ಳುವವರು ತಮ್ಮ ಅಂದಾಜನ್ನು ಅತಿಯಾಗಿ ನಂಬಿ ಹೆಚ್ಚು ಬೆಲೆ ತೆರುತ್ತಾರೆಂಬ ವಾದಕ್ಕೆ 1986ರಲ್ಲಿ ರಿಚರ್ಡ್ ರೋಲ್ ಈ ಪದವನ್ನೇ ಹೆಸರಾಗಿ ಇಟ್ಟರು. 2009ರಲ್ಲಿ, ಹಿಂದೆ ಬ್ರಿಟನ್ನಿನ ವಿದೇಶಾಂಗ ಸಚಿವರಾಗಿದ್ದ ವೈದ್ಯ ಡೇವಿಡ್ ಓವನ್ ಮತ್ತು ಮನೋವೈದ್ಯ ಜೊನಾಥನ್ ಡೇವಿಡ್‌ಸನ್, ಅಮೆರಿಕದ ಅಧ್ಯಕ್ಷರು ಮತ್ತು ಬ್ರಿಟನ್ನಿನ ಪ್ರಧಾನಿಗಳ ನೂರು ವರ್ಷದ ಚರಿತ್ರೆ ನೋಡಿ, 14 ಲಕ್ಷಣಗಳಿರುವ ‘ಹ್ಯೂಬ್ರಿಸ್ ಸಿಂಡ್ರೋಮ್’ ಎಂಬುದನ್ನು ಮುಂದಿಟ್ಟರು. ತಮ್ಮ ಲೇಖಕರ ಬಳಕೆ ಈ ಸಾಲಿನದು, ಇಂಗ್ಲಿಷಿನಲ್ಲಿ ಅದು ಸರಿಯೇ. ಆದರೆ ಇದನ್ನು ‘ಪ್ರಾಚೀನ ಗ್ರೀಕರು ಹೇಳಿದ್ದು’ ಎಂದರೆ ಸರಿಯಾಗದು. ಅಥೆನ್ಸಿನವನೊಬ್ಬ ಆ ಲೇಖನ ಓದಿದ್ದರೆ, ಮುಳುಗಿದ ಮಾಲೀಕನ ಕಥೆಯನ್ನು ಮೂರು ಅಂಕಣ ಬರೆದಿದ್ದೀರಿ, ಅವನು ಹ್ಯೂಬ್ರಿಸ್ ಎಸಗಿದ್ದು ಯಾರ ಮೇಲೆ ಎಂದು ಮೊದಲು ಕೇಳುತ್ತಿದ್ದ. ಎಂಟು ತಿಂಗಳ ಸಂಬಳ ಬರದ ನೌಕರರು ಕಚೇರಿಯ ಬಾಗಿಲಿಗೆ ಹೋದಾಗ ಅವರಿಗೆ ಏನು ಉತ್ತರ ಸಿಕ್ಕಿತೆಂಬುದು ಲೇಖನದ ಕೊನೆಯ ಪ್ಯಾರಾದಲ್ಲಿ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ. ಆ ಪದಕ್ಕೆ ಹೊಂದುವ ಸಂಗತಿ ಇಡೀ ಲೇಖನದಲ್ಲಿ ಅದೊಂದೇ.

ಗ್ರೀಸಿನ ಜನ ಆ ಪದವನ್ನು ಇಂದಿಗೂ ಬಿಟ್ಟಿಲ್ಲ. ಮೊದಲ ಸ್ವರ ಸವೆದು ಹೋಗಿ, ‘ಬ’ಕಾರ ‘ವ’ಕಾರವಾಗಿ, ಇಂದಿನ ಗ್ರೀಕಿನಲ್ಲಿ ‘ವ್ರಿಸ್ಯಾ’ ಎಂದರೆ ಬೈಗುಳ, ‘ವ್ರೀಜೊ’ ಎಂದರೆ ಬೈಯುತ್ತೇನೆ. ದುರಂತ ನಾಯಕರ ನೆರಳು ಅದರ ಮೇಲಿಲ್ಲ.

ತಪ್ಪಾದಾಗ ತಿದ್ದುಪಡಿ ಪ್ರಕಟಿಸುವ ಒಳ್ಳೆಯ ಅಭ್ಯಾಸ ತಮ್ಮ ಪತ್ರಿಕೆಗೆ ಮೊದಲಿನಿಂದಲೂ ಇದೆ. ನನ್ನ ಪತ್ರ ಇಷ್ಟುದ್ದ ಹಿಡಿಸದಿದ್ದರೆ, ದುರಂತ ನಾಯಕನ ದೋಷಕ್ಕೆ ಅರಿಸ್ಟಾಟಲ್ ಬಳಸಿದ ಪದ ಹಮಾರ್ತಿಯ ಎಂಬ ಒಂದು ಸಾಲನ್ನಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ. ಡಿಗ್ರಿ ಪರೀಕ್ಷೆ ಮುಂದಿನ ತಿಂಗಳಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಶಿವಮೊಗ್ಗ